ಆರನೆಯ ಹುಣಸೆ ಬೀಜ

ಮೂಡಲಗಿಯ ನಮ್ಮ ಮನೆಗೆ ರೇಡಿಯೋ ಬಂದದ್ದು ಬೆಲ್ಲದ ಧಾರಣೆ ಕೇಳುವುದಕ್ಕೆ, ಕ್ರಿಕೆಟ್ ಕೇಳುವುದಕ್ಕಲ್ಲ. ಮಾವನವರದು ಬೆಲ್ಲದ ಅಡತಿ ಅಂಗಡಿ. ಸ್ವಾತಂತ್ರ್ಯ ಬಂದ ಮರುವರ್ಷ ಬೆಳಗಾವಿಗೆ ಹೋದವರು ಬರುವಾಗ ಮೋಟಾರಿನ ತಲೆಯ ಮೇಲೆ ಹೇರಿಸಿಕೊಂಡು ಅದನ್ನು ತಂದರು. ಪಡಸಾಲೆಯ ಕಂಬದ ಪಕ್ಕದಲ್ಲಿ ಹಲಗೆ ಬಡಿಸಿ ಅದರ ಮೇಲೆ ಕೂರಿಸಿದರು. ಅತ್ತೆ ತಮ್ಮ ಹಳೆಯ ಇಳಕಲ್ಲ ಸೀರೆಯ ಸೆರಗು ಕತ್ತರಿಸಿ ಅದಕ್ಕೊಂದು ಮುಸುಕು ಹೊಲಿದರು. ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ತಂತಿ ಎಳೆದರು. ಆ ತಂತಿಯ ಕೆಳಗೆ ಮೆಣಸಿನಕಾಯಿ ಒಣಗಹಾಕಬಾರದು ಎಂದು ಅಪ್ಪಣೆಯಾಯಿತು. ಯಾಕೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ನಮ್ಮೂರಿಗೆ ಆಗ ಕರೆಂಟು ಬಂದಿರಲಿಲ್ಲ. ರೇಡಿಯೋ ನಡೆಯುತ್ತಿದ್ದದ್ದು ಮೋಟಾರಿಗೆ ಹಾಕುವಂಥ ದೊಡ್ಡ ಬ್ಯಾಟರಿಯ ಮೇಲೆ. ಅದು ಸೋತರೆ ಗೋಕಾಕಿಗೆ ಒಯ್ಯಬೇಕು. ಅಲ್ಲಿ ಮೋಟಾರ್ ಸ್ಟ್ಯಾಂಡಿನ ಬಾಜೂ ಒಬ್ಬರು ಚಾರ್ಜು ಮಾಡಿ ಕೊಡುತ್ತಿದ್ದರು. ಇವತ್ತು ಕೊಟ್ಟರೆ ನಾಡಿದ್ದು ಸಿಗುತ್ತಿತ್ತು. ಒಯ್ಯುವುದು ತರುವುದು ನಮ್ಮ ಮನೆಯವರ ಕೆಲಸ. ಪ್ರತಿ ಸಲವೂ ಒಳಗಿನ ಆ್ಯಸಿಡ್ ತುಳುಕಿ ಅವರ ಧೋತರಕ್ಕೆ ತೂತು ಬೀಳುತ್ತಿತ್ತು. ತೂತುಗಳನ್ನು ಹೊಲಿಯುವುದು ನನ್ನ ಕೆಲಸ. ರೇಡಿಯೋದ ಮುಂದೆ ಕುಳಿತು ಕೇಳುವುದು ಮಾತ್ರ ನನ್ನ ಕೆಲಸವಾಗಿರಲಿಲ್ಲ.

ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅಲ್ಲೊಂದು ಚಿಮಣಿ ಇಟ್ಟರೆ ಎರಡೂ ಕಡೆ ಬೆಳಕು ಬೀಳಲಿ ಎಂದು ಹಿಂದಿನವರು ಬಿಟ್ಟ ಕಿಂಡಿ. ಆ ಚಳಿಗಾಲವೆಲ್ಲ ನಾನು ಆ ಕಿಂಡಿಯ ಕೆಳಗೆ ರೊಟ್ಟಿ ಬಡಿದೆ. ವೆಸ್ಟ್ ಇಂಡೀಸಿನವರು ಆಡಲು ಬಂದಿದ್ದ ಚಳಿಗಾಲ ಅದು.

ನನಗೆ ಕ್ರಿಕೆಟ್ ಹೇಗೆ ಗೊತ್ತು ಎಂದು ಕೇಳಬೇಕಲ್ಲ. ನನ್ನ ತವರು ಹುಕ್ಕೇರಿ. ನನ್ನ ಅಣ್ಣ ಬೆಳಗಾವಿಯ ಹೈಸ್ಕೂಲಿನಲ್ಲಿ ಕಲಿಯುತ್ತಿದ್ದ. ರಜೆಗೆ ಬರುವಾಗ ಒಂದು ಬ್ಯಾಟು ತಂದ. ಸುಗ್ಗಿ ಮುಗಿದ ಮೇಲೆ ನಮ್ಮ ಕಣ ಖಾಲಿ ಇರುತ್ತಿತ್ತು, ಸಗಣಿ ಸಾರಿಸಿ ಗಟ್ಟಿ ಮಾಡಿದ ನೆಲ. ಓಣಿಯ ಹುಡುಗರನ್ನು ಕೂಡಿಸಿ ಅಲ್ಲಿ ಆಟ ಹೂಡಿದ. ಮೊದಲ ದಿನವೇ ಜಗಳ. ಒಂದು ಓವರಿಗೆ ಆರು ಚೆಂಡು ತಾನೇ? ಒಬ್ಬ ನಾಲ್ಕು ಆದವು ಎಂದರೆ ಇನ್ನೊಬ್ಬ ಏಳು ಆದವು ಎನ್ನುತ್ತಿದ್ದ. ಕೊನೆಗೆ ಅಣ್ಣ ನನ್ನನ್ನು ಕರೆದು ಸ್ಟಂಪಿಗೆಂದು ಒಟ್ಟಿದ ಕಲ್ಲುಗಳ ಹಿಂದೆ ನಿಲ್ಲಿಸಿದ. ನಾನು ಹುಡುಗಿ, ಯಾವ ಕಡೆಯವಳೂ ಅಲ್ಲ, ಅದಕ್ಕೇ ನನ್ನ ಮೇಲೆ ಎಲ್ಲರಿಗೂ ನಂಬಿಕೆ. ನನ್ನ ಬಲಗೈಯಲ್ಲಿ ಆರು ಹುಣಸೆ ಬೀಜ ಇಟ್ಟ. ಒಂದು ಚೆಂಡು ಹಾಕಿದರೆ ಒಂದು ಬೀಜ ಎಡಗೈಗೆ. ಬಲಗೈ ಖಾಲಿಯಾದರೆ ಓವರ್ ಮುಗಿಯಿತು.

"ಗದ್ದಲಾ ಕೇಳಬ್ಯಾಡ," ಎಂದು ಅಣ್ಣ ಹೇಳಿಕೊಟ್ಟಿದ್ದ. "ಎಲ್ಲಾರೂ ಒದರಾಕ ಹತ್ತಿದಾಗನ ಎಣಿಕಿ ತಪ್ಪತೈತಿ. ನೀ ಕೈಯಾಗಿನ ಬೀಜಾನ ನಂಬು."

ನಾಲ್ಕು ಬೇಸಿಗೆ ನಾನು ಹಾಗೆ ನಿಂತೆ. ಅಣ್ಣ ಪೇಪರಿನಲ್ಲಿ ಬಂದ ಆಟದ ಸುದ್ದಿಯನ್ನು ಓದಿ ಹೇಳುತ್ತಿದ್ದ. ಇಂಗ್ಲಿಷ್ ಬಾರದಿದ್ದರೂ ಆಟಕ್ಕೆ ಬೇಕಾದ ಇಂಗ್ಲಿಷ್ ಎಲ್ಲ ನನಗೆ ಬಂತು. ಆಮೇಲೆ ದೊಡ್ಡವಳಾದೆ, ಕಣಕ್ಕೆ ಹೋಗುವುದು ನಿಂತಿತು. ಲಗ್ನವಾಗಿ ಮೂಡಲಗಿಗೆ ಬಂದೆ.

ಪಡಸಾಲೆಯಲ್ಲಿ ಕೇಳಲು ಕೂರುತ್ತಿದ್ದವರು ಮೂವರು. ಮಾವನವರು, ನಮ್ಮ ಮನೆಯವರು ಮತ್ತು ಎದುರುಮನೆಯ ಸಾಲಿ ಮಾಸ್ತರರು. ಸಾಲೆ ಬಿಟ್ಟ ಕೂಡಲೇ ಮಾಸ್ತರರು ಚಪ್ಪಲಿ ಎಳೆಯುತ್ತ ಬರುತ್ತಿದ್ದರು. ಕಾಮೆಂಟರಿ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಲ್ಲವರು ಅವರೊಬ್ಬರೇ, ಆದರೆ ಅವರು ಬ್ಯಾಟು ಕಣ್ಣಿಂದ ಕಂಡವರಲ್ಲ. ದಿಲ್ಲಿಯ ಟೆಸ್ಟಿನಲ್ಲಿ ಒಮ್ಮೆ ನೋಬಾಲ್ ಎಂದು ಕೇಳಿಬಂತು. ಮಾಸ್ತರರು ಕತ್ತು ನೀಡಿ, "ಚೆಂಡ ಕಳದೈತ್ರಿ ಸಾವಕಾರ್ರ. ಹುಡುಕಾಕತ್ತಾರ," ಎಂದರು. ಮಾವನವರು "ಮುಳ್ಳಕಂಟಿ ಭಾಳ ಇರಬೇಕ ಅಲ್ಲಿ," ಎಂದು ಚಿಂತೆ ಮಾಡಿದರು.

ನನಗೆ ತಡೆಯಲಾಗಲಿಲ್ಲ. ಕಿಂಡಿಯಿಂದ ಹೇಳಿದೆ: "ಚೆಂಡ ಕಳದಿಲ್ರಿ ಮಾವಾರ. ಹಾಕಾಂವ ಗೆರಿ ದಾಟ್ಯಾನ. ಆ ಚೆಂಡ ಲೆಕ್ಕಕ್ಕ ಹಿಡಿಯಂಗಿಲ್ಲ, ಇನ್ನೊಂದ ಹಾಕಬೇಕು."

ಆಮೇಲೆ ಮಾವನವರ ಧ್ವನಿ: "ಒಲಿ ಮ್ಯಾಲ ಏನೋ ಹೊತ್ತಿದ ವಾಸನಿ ಬರಾಕತ್ತೈತಿ, ನೋಡ ಯವ್ವಾ."

ಒಲೆಯ ಮೇಲೆ ಏನೂ ಇರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ.

ದಿಲ್ಲಿ ಸಮ ಆಯಿತು, ಗೆಲುವೂ ಇಲ್ಲ ಸೋಲೂ ಇಲ್ಲ. ಮುಂಬೈ ಸಮ, ಕಲ್ಕತ್ತಾ ಸಮ. ನಮ್ಮ ದೇಶ ಅಲ್ಲಿಯವರೆಗೆ ಒಂದೂ ಟೆಸ್ಟ್ ಗೆದ್ದಿರಲಿಲ್ಲ ಎಂಬುದು ನೆನಪಿರಲಿ. ಸಮ ಆದರೂ ಪಡಸಾಲೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ನನಗೆ ಸಕ್ಕರೆ ಬೇಡವಾಗಿತ್ತು, ಗೆಲ್ಲುವುದು ಬೇಕಾಗಿತ್ತು. ಕಲ್ಕತ್ತೆಯ ಆಟದಲ್ಲಿ ನಮ್ಮ ಇಬ್ಬರು ಬಹಳ ಹೊತ್ತು ನಿಂತು ಆಡಿದರು. ಆಗ ಮಾವನವರು ಕಂಬಕ್ಕೆ ಒರಗಿ ಬಲಗಾಲು ಮಡಚಿ ಕುಳಿತಿದ್ದರು, ಮಾಸ್ತರರು ಗೋಡೆಯ ಕಡೆ, ನಮ್ಮ ಮನೆಯವರು ಬಾಗಿಲ ಕಡೆ. ಅವತ್ತಿನಿಂದ ಅದೇ ಕಾಯಿದೆಯಾಯಿತು. ನಮ್ಮವರು ಆಡುವಾಗ ಕುಂತ ಜಾಗ ಬಿಟ್ಟು ಯಾರೂ ಏಳಬಾರದು. ಒಮ್ಮೆ ಮಾಸ್ತರರ ಕಾಲು ಜೋಮು ಹಿಡಿದು ಅವರು "ಅಯ್ಯಯ್ಯ" ಎನ್ನುತ್ತಿದ್ದರೂ ಮಾವನವರು ಏಳಗೊಡಲಿಲ್ಲ. "ಇನ್ನೊಂದ ಓವರ್ ತಡೀರಿ. ಕಾಲ ಎಲ್ಲಿ ಹೋಗತೈತಿ?" ಎಂದರು. ಇದನ್ನೆಲ್ಲ ಕಿಂಡಿಯ ಈಚೆಯಿಂದ ಕೇಳಿ ನಾನು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೆ. ಇದೇ ಮರುಳು ನನ್ನ ಕಾಲಿಗೇ ಬಂದು ಸುತ್ತಿಕೊಳ್ಳುತ್ತದೆ ಎಂದು ಆಗ ಹೊಳೆಯಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಮದ್ರಾಸಿನ ಟೆಸ್ಟು. ಎದ್ದು ಹೋಗುವ ಹಾಗಿಲ್ಲವಲ್ಲ, ಅದಕ್ಕೆ ಚಹಾ ನಾನು ಪಡಸಾಲೆಗೇ ಒಯ್ದು ಕೊಡಬೇಕು. ಮೊದಲ ಸಲ ಒಯ್ದಾಗ ಒಂದು ವಿಕೆಟ್ ಬಿತ್ತು. ಮರುದಿನ ಒಯ್ದೆ, ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟಿದ್ದೇನೆ, ಇನ್ನೊಂದು ಬಿತ್ತು. ಮಾಸ್ತರರು ತೊಡೆ ತಟ್ಟಿ, "ಬಂದ್ಲ ನೋಡ್ರಿ, ಬಿತ್ತ ನೋಡ್ರಿ!" ಎಂದರು. ನಗೆಯ ಮಾತು ಎಂದುಕೊಂಡೆ. ಮಾವನವರು ನಗಲಿಲ್ಲ. ನನ್ನ ಪಾದದ ಕಡೆ ನೋಡಿದರು.

ಆ ನೋಟ ನನಗೆ ಹೊಸದಲ್ಲ. ನಾನು ಲಗ್ನವಾಗಿ ಬಂದ ತಿಂಗಳಲ್ಲೇ ಕೊಟ್ಟಿಗೆಯ ಬಿಳಿ ಎತ್ತು ಹೊಟ್ಟೆ ಉಬ್ಬಿ ಸತ್ತಿತ್ತು. ಹಸಿ ಜೋಳ ತಿಂದು ಸತ್ತ ಎತ್ತು ಅದು, ತಿನ್ನಲು ಬಿಟ್ಟವರು ಗಂಡಸರು. ಆದರೂ ಅಕ್ಕಪಕ್ಕದವರು ಬಂದು ನೋಡಿದ್ದು ನನ್ನ ಪಾದವನ್ನೇ. ಹೊಸ ಸೊಸೆಯ ಕಾಲಗುಣ ಎಂದು ಒಬ್ಬರು ಅಂದರೆ ಅದು ಓಣಿ ಮುಗಿಯುವವರೆಗೆ ಹೋಗುತ್ತದೆ. ಎರಡು ಮಕ್ಕಳು ಹುಟ್ಟಿ, ಅಂಗಡಿಯ ವ್ಯಾಪಾರ ಏರಿ, ಆ ಮಾತು ಹೇಗೋ ಮರೆತುಹೋಗಿತ್ತು. ಮದ್ರಾಸಿನಲ್ಲಿ ನಮ್ಮವರು ಸೋತರು, ಸಣ್ಣ ಸೋಲಲ್ಲ. ಮರೆತದ್ದನ್ನು ಯಾರೋ ಅಟ್ಟದಿಂದ ಇಳಿಸಿ ಧೂಳು ಕೊಡವಿದಂತಾಯಿತು.

ಮಾವನವರು ಅತ್ತೆಗೆ ಹೇಳಿದರು, ನನಗೆ ಕೇಳುವ ಹಾಗೆ: "ಮುಂದಿನ ಆಟಕ್ಕ ಚಾ ನೀನ ತಗೊಂಡ ಬಾ. ಆಕಿ ಹೊರಗ ಬರೂದು ಬ್ಯಾಡ."

ಮಾಸ್ತರರು ಕಿಂಡಿಯ ಕಡೆ ಮುಖ ಮಾಡಿ ಸಮಾಧಾನದ ಧ್ವನಿಯಲ್ಲಿ, "ಸಿಟ್ಟಾಗಬ್ಯಾಡ ತಂಗಿ. ದೇಶದ ಸಲುವಾಗಿ ಒಂದೈದ ದಿನ ಒಳಗಿದ್ರ ಏನಾತು?" ಎಂದರು.

ದೇಶದ ಸಲುವಾಗಿ! ಕೈಯಲ್ಲಿ ಲಟ್ಟಣಿಗೆ ಇತ್ತು. ಅದನ್ನು ಕಿಂಡಿಯಿಂದ ಆಚೆ ಬಿಡಲಿಲ್ಲ ಎಂಬುದೇ ನನ್ನ ತಾಳ್ಮೆಗೆ ಸಾಕ್ಷಿ.

ನನಗೆ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಮಾವನವರು ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ದೊಡ್ಡ ಧ್ವನಿಯಲ್ಲಿ ವಚನ ಓದುತ್ತಿದ್ದರು. ಶಕುನ, ಅಪಶಕುನ, ರಾಹುಕಾಲ, ಬೆಕ್ಕು ಅಡ್ಡ ಹೋದದ್ದು, ಇವೆಲ್ಲ ನಮ್ಮ ಪೈಕಿ ಇಲ್ಲ ಎಂದು ಅಂಗಡಿಗೆ ಬಂದ ರೈತರಿಗೆ ಬುದ್ಧಿ ಹೇಳುತ್ತಿದ್ದರು. ಅಮಾವಾಸ್ಯೆಯ ದಿನ ಬೇಕೆಂದೇ ಪ್ರಯಾಣ ಹೊರಡುತ್ತಿದ್ದರು. ಅಂಥವರಿಗೆ ಮದ್ರಾಸಿನಲ್ಲಿ ಬಿದ್ದ ವಿಕೆಟ್ಟಿನ ಕಾರಣ ಮೂಡಲಗಿಯಲ್ಲಿ ಚಹಾ ಹಿಡಿದ ಸೊಸೆಯ ಪಾದದಲ್ಲಿ ಕಂಡಿತು.

ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಕೂತಾಗ ಕೇಳಿದೆ. "ಏನ್ರಿ, ನೀವರ ಒಂದ ಮಾತ ಆಡಬಾರದೇನ್ರಿ?"

"ಅಪ್ಪಾರ ಮುಂದ ಏನಂತ ಆಡ್ಲಿ?"

"ವಿಕೆಟ್ ಯಾಕ ಬೀಳತಾವ ಅಂತ ಹೇಳ್ರಿ. ಚೆಂಡ ತಿರಗತೈತಿ, ಆಡಾಂವ ತಪ್ಪ ಆಡತಾನ, ಬೀಳತೈತಿ."

"ಅದೆಲ್ಲಾ ಖರೆ. ಆದ್ರ ಒಂದ ಆಟದ ಸಲುವಾಗಿ ಮನ್ಯಾಗ ಜಗಳ ಬ್ಯಾಡ. ಇನ್ನೊಂದ ರೊಟ್ಟಿ ಹಾಕು."

ಹಾಕಿದೆ. ಬುಟ್ಟಿಯ ತಳದ ಗಟ್ಟಿ ರೊಟ್ಟಿಯನ್ನೇ ಹುಡುಕಿ ಹಾಕಿದೆ.

ಕೊನೆಯ ಟೆಸ್ಟು ಮತ್ತೆ ಮುಂಬೈಯಲ್ಲಿ. ಗೆದ್ದರೆ ಸರಣಿ ಸಮ, ದೇಶಕ್ಕೆ ಮೊದಲ ಗೆಲುವು. ಅಣ್ಣ ಹುಕ್ಕೇರಿಯಿಂದ ಕಾರ್ಡು ಬರೆದಿದ್ದ. ಅವನ ಮನೆಯಲ್ಲಿ ರೇಡಿಯೋ ಇರಲಿಲ್ಲ. "ನೀನು ಕೇಳಿ ನನಗೆ ಬರೆ. ಈ ಸಲ ಗೆದ್ದರೆ ಗೆದ್ದೆವು," ಎಂದಿದ್ದ. ನನಗೂ ಅದೇ ಆಸೆ. ಆದರೆ ಈಗ ಅದಕ್ಕೆ ಇನ್ನೊಂದು ಆಸೆ ಅಂಟಿಕೊಂಡಿತ್ತು. ನಮ್ಮವರು ಗೆಲ್ಲಬೇಕು, ಗೆಲ್ಲುವಾಗ ನಾನು ಆ ಪಡಸಾಲೆಯಲ್ಲಿ, ಅವರ ಕಣ್ಣ ಮುಂದೆ ಇರಬೇಕು. ಇಲ್ಲದಿದ್ದರೆ ಸಾಯುವವರೆಗೆ ಎತ್ತಿಗೂ ವಿಕೆಟ್ಟಿಗೂ ನಾನೇ ಹೊಣೆ.

ಬ್ಯಾಟರಿ ಸೋತಿತ್ತು. ಎರಡು ದಿನ ನೆನಪಿಸಿದರೂ ನಮ್ಮ ಮನೆಯವರು "ಒಯ್ಯೋಣ ತಗೋ" ಎನ್ನುತ್ತಲೇ ಇದ್ದರು. ಮೂರನೆಯ ದಿನ ನಾನೇ ಅದನ್ನು ಗೋಣಿಯಲ್ಲಿ ಕಟ್ಟಿ ಬಾಗಿಲಲ್ಲಿ ಇಟ್ಟೆ. ದಾಟಿ ಹೋಗಲು ದಾರಿ ಇರಲಿಲ್ಲ, ಎತ್ತಿಕೊಂಡು ಗೋಕಾಕದ ಮೋಟಾರು ಹತ್ತಿದರು. ಆಟ ಶುರುವಾಗುವ ಹಿಂದಿನ ದಿನ ತಂದರು. ಆ ಕಾಲಗುಣದ ಹೆಣ್ಣುಮಗಳು ಇಲ್ಲದಿದ್ದರೆ ಆ ಮನೆಯಲ್ಲಿ ಮುಂಬೈ ಟೆಸ್ಟು ಕೇಳುವುದೇ ಇರಲಿಲ್ಲ.

ನಾಲ್ಕು ದಿನ ಒಳಗೇ ಇದ್ದೆ. ಹುಣಸೆಹಣ್ಣು ಬಿಡಿಸುವ ಕಾಲ ಅದು. ಮುಂದೆ ರಾಶಿ ಹುಣಸೆ, ಬದಿಗೆ ಬೀಜದ ಗುಪ್ಪೆ. ಕೈ ತಾನಾಗಿಯೇ ಆರು ಬೀಜ ಆರಿಸಿತು. ತೊಳೆದು ಒರೆಸಿ ಇಟ್ಟುಕೊಂಡೆ. ಕಿಂಡಿಯಿಂದ ಬರುವ ಧ್ವನಿ ಕೇಳುತ್ತ ಒಂದೊಂದು ಚೆಂಡಿಗೆ ಒಂದೊಂದು ಬೀಜ ಎಡಗೈಗೆ ದಾಟಿಸುತ್ತಿದ್ದೆ. ಹತ್ತು ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ. ಕಾಮೆಂಟರಿಯವನ ಧ್ವನಿ ಇಳಿಯುವುದು, ಏರುವುದು, ನಡುವೆ ಉಸಿರು ಹಿಡಿಯುವುದು, ಅಷ್ಟರಿಂದಲೇ ಚೆಂಡು ಬಿದ್ದದ್ದು ತಿಳಿಯುತ್ತಿತ್ತು. ಹೊರಗೆ ಮೂವರು ಗಂಡಸರಿಗೆ ಓವರ್ ಮುಗಿದದ್ದು ಯಾವಾಗಲೂ ನನಗಿಂತ ತಡವಾಗಿ ತಿಳಿಯುತ್ತಿತ್ತು.

ಕೊನೆಯ ದಿನ. ಗೆಲ್ಲಲು ಮುನ್ನೂರ ಅರವತ್ತೊಂದು ಬೇಕಿತ್ತು. ಹಿಂದಿನ ದಿನವೇ ಮೂರು ಜನ ಔಟಾಗಿದ್ದರು. ಬೆಳಿಗ್ಗೆ ಮಾಸ್ತರರು ಸಾಲೆಗೆ ಹೋಗಲೇ ಇಲ್ಲ. ಇಬ್ಬರು ಗಟ್ಟಿಯಾಗಿ ನಿಂತರು. ನೂರು ಆಯಿತು, ನೂರೈವತ್ತು, ಇನ್ನೂರು ದಾಟಿತು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಒಬ್ಬರೂ ಅಲುಗಾಡುತ್ತಿರಲಿಲ್ಲ. ಮಾವನವರು ಊಟವನ್ನೂ ಕಂಬಕ್ಕೆ ಒರಗಿಯೇ ಮಾಡಿದರು, ಬಲಗಾಲು ಮಡಚಿಕೊಂಡೇ.

ಇಳಿಹೊತ್ತಿಗೆ ಚಹಾದ ಕೂಗು ಬಂತು. ನಾನು ಕುದಿಸಿ ಬಸಿದು ಕೊಟ್ಟೆ. ಅತ್ತೆ ಒಯ್ದರು. ಅವರ ಕಾಲು ಪಡಸಾಲೆಯಲ್ಲಿ ಇದ್ದಾಗಲೇ, ಕಪ್ಪು-ಬಸಿಗಳನ್ನು ಇನ್ನೂ ಇಳಿಸಿರಲಿಲ್ಲ, ನೂರು ದಾಟಿ ಆಡುತ್ತಿದ್ದ ಆಟಗಾರ ಔಟಾದ.

ನಾನು ಕಿಂಡಿಗೆ ಕಿವಿ ಹಚ್ಚಿ ಕಾದೆ. ಈಗ ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ಕಾದೆ.

"ಛೇ ಛೇ," ಎಂದರು ಮಾಸ್ತರರು. "ಛಲೋ ಚೆಂಡ ಬಿದ್ದಿರಬೇಕ."

"ಆಡಿ ಆಡಿ ದಣದಿದ್ದಾ ಪಾಪ," ಎಂದರು ಮಾವನವರು. "ಚಾ ಕೊಡು."

ಅತ್ತೆ ಒಳಗೆ ಬಂದು ಖಾಲಿ ತಟ್ಟೆ ಇಟ್ಟು ನನ್ನ ಮುಖ ನೋಡಿದರು. ಅವರಿಗೂ ತಿಳಿದಿತ್ತು. "ನಾ ಏನ ಮಾಡ್ಲಿ ಬೇ?" ಎಂದು ಮೆಲ್ಲಗೆ ಅಂದು ಹುಣಸೆಹಣ್ಣಿನ ಮುಂದೆ ಕುಳಿತರು.

ನಾನು ಎದ್ದೆ. ಮುಷ್ಟಿಯಲ್ಲಿ ಆರು ಬೀಜ. ಅಡುಗೆಮನೆಯಿಂದ ಪಡಸಾಲೆಗೆ ಹೋಗುವ ಹೊಸ್ತಿಲ ಮೇಲೆ ಹೋಗಿ ಕುಳಿತೆ. ಹೊಸ್ತಿಲ ಮೇಲೆ ಕೂರಬಾರದು ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು.

ನಮ್ಮ ಮನೆಯವರು ಮೊದಲು ನೋಡಿದರು. ಕಣ್ಣಲ್ಲೇ ಬೇಡ ಎಂದರು. ನಾನು ಅವರ ಧೋತರದ ತೂತು ನೋಡಿದೆ.

"ಒಳಗ ಹೋಗ ಯವ್ವಾ," ಎಂದರು ಮಾವನವರು.

"ಹೋಗಂಗಿಲ್ರಿ ಮಾವಾರ."

ಲಗ್ನವಾಗಿ ಬಂದು ಆರು ವರ್ಷದಲ್ಲಿ ಅವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಅವರು ಎದ್ದು ಬಂದು ಗದರಿಸಬಹುದಿತ್ತು. ಎದ್ದರೆ ಕಂಬ ಬಿಡಬೇಕು, ಕಂಬ ಬಿಟ್ಟರೆ ವಿಕೆಟ್ ಬೀಳುತ್ತದೆ. ಅವರ ಕಾಯಿದೆಯೇ ಅವರನ್ನು ಅಲ್ಲಿ ಕಟ್ಟಿಹಾಕಿತ್ತು. ಕೂತಲ್ಲಿಂದಲೇ ಉರಿಗಣ್ಣು ಬಿಟ್ಟರು. ನಾನು ರೇಡಿಯೋದ ಕಡೆ ತಿರುಗಿದೆ.

ಮೊದಲ ಸಲ ಅದನ್ನು ಗೋಡೆಯ ತಡೆ ಇಲ್ಲದೆ ಕೇಳಿದೆ. ಮುಂಬೈಯ ಜನರ ಕೂಗು ಎಷ್ಟು ದೊಡ್ಡದು! ಕಿಂಡಿಯಿಂದ ಕೇಳುವಾಗ ಅದು ಮಳೆ ಬಂದ ಹಾಗೆ ಇರುತ್ತಿತ್ತು. ನಾನು ಕುಳಿತ ಮೇಲೆ ವಿಕೆಟ್ಟೂ ಬಿತ್ತು, ರನ್ನೂ ಬಂತು. ಬಿದ್ದಾಗ ಮಾಸ್ತರರು ನನ್ನ ಕಡೆ ನೋಡಿದರು. ರನ್ನು ಬಂದಾಗ, ನಾಲ್ಕು, ಮತ್ತೆ ನಾಲ್ಕು, ಒಬ್ಬರೂ ನನ್ನ ಕಡೆ ನೋಡಲಿಲ್ಲ. ಮುನ್ನೂರು ದಾಟಿ, ಮುನ್ನೂರ ಇಪ್ಪತ್ತು, ನಲವತ್ತು, ಐವತ್ತು. ಎಂಟು ಜನ ಔಟ್. ಒಬ್ಬನಿಗೆ ಪೆಟ್ಟಾಗಿದೆ, ಅವನು ಬರುವ ಹಾಗಿಲ್ಲ ಎಂದು ಮಾಸ್ತರರು ತಿಳಿದು ಹೇಳಿದರು. ವೇಳೆ ಮುಗಿಯುತ್ತ ಬಂದಿತ್ತು. ಕೊನೆಯ ಓವರ್ ಎಂದರು.

ನನ್ನ ಬಲಗೈಯಲ್ಲಿ ಆರು ಬೀಜ.

ಒಂದು ದಾಟಿತು. ಎರಡು. ರೇಡಿಯೋದಲ್ಲಿ ಗದ್ದಲ ಏರಿತು, ಕಾಮೆಂಟರಿಯವನೇ ಕೂಗತೊಡಗಿದ. ಮಾಸ್ತರರು ಅನುವಾದ ಬಿಟ್ಟು "ಹೊಡೀ, ಹೊಡೀ!" ಎನ್ನುತ್ತಿದ್ದರು. ಮೂರು. ಮಾವನವರು ಎರಡೂ ಕೈಯಿಂದ ಕಂಬ ಹಿಡಿದಿದ್ದರು. ನಾಲ್ಕು. ನಾನು ಕಣ್ಣು ಮುಚ್ಚಿದೆ. ಗದ್ದಲ ಕೇಳಬ್ಯಾಡ. ಐದು. ಐದನೆಯದು ಎಡಗೈಗೆ ಹೋಯಿತು, ಒಂದು ಬಲಗೈಯಲ್ಲಿ ಉಳಿಯಿತು. ಗೆಲ್ಲಲು ಆರು ರನ್ನು ಬೇಕು. ಮುಂದಿನ ಚೆಂಡಿಗೆ ಕಾದೆ.

ಚೆಂಡು ಬರಲಿಲ್ಲ. ರೇಡಿಯೋದಲ್ಲಿ ಬರೇ ಗದ್ದಲ. ಆಮೇಲೆ ಕಾಮೆಂಟರಿಯವನ ಧ್ವನಿ ಇಳಿಯಿತು, ಸಾವಿನ ಮನೆಯಲ್ಲಿ ಮಾತಾಡಿದ ಹಾಗೆ.

"ಆತ್ರಿ," ಎಂದರು ಮಾಸ್ತರರು. "ಮುಗೀತು. ಸಮ. ಆರ ರನ್ ಕಮ್ಮಿ."

"ಮುಗದಿಲ್ರಿ," ಎಂದೆ. "ಇನ್ನೂ ಒಂದ ಚೆಂಡ ಐತಿ."

"ಏನಂದಿ ತಂಗಿ?"

"ಐದನ ಹಾಕ್ಯಾರ. ಇನ್ನೂ ಒಂದ ಹಾಕಬೇಕು." ಬಲಗೈ ಬಿಚ್ಚಿ ತೋರಿಸಿದೆ.

ಮಾಸ್ತರರು ಬೀಜ ನೋಡಿದರು, ನನ್ನನ್ನು ನೋಡಿದರು, ಮಾವನವರನ್ನು ನೋಡಿ ನಕ್ಕರು. "ಕೇಳ್ರಿ ಸಾವಕಾರ್ರ! ಮುಂಬಯಿದಾಗ ಚೆಂಡಿನ ಬಾಜೂನ ನಿಂತಾಂವಗ ತಿಳೀಲಿಲ್ಲಂತ, ಮೂಡಲಗ್ಯಾಗ ಹುಣಸಿಹಣ್ಣ ಬಿಡಸಾಕಿಗೆ ತಿಳೀತಂತ!"

ಮಾವನವರು ನಗಲಿಲ್ಲ. ಕಂಬ ಬಿಟ್ಟು ಎದ್ದರು. ರೇಡಿಯೋ ಆರಿಸಿ ಮುಸುಕು ಎಳೆದರು. "ಹೊಸ್ತಿಲ ಮ್ಯಾಲ ಕುಂತ್ರ ಮತ್ತೇನಾಗತೈತಿ," ಎಂದು ಗೋಡೆಗೆ ಹೇಳಿ ಹೊರಗೆ ಹೋದರು.

ನಾನು ಎಷ್ಟೋ ಹೊತ್ತು ಅಲ್ಲೇ ಕುಳಿತಿದ್ದೆ. ಆ ಒಂದು ಚೆಂಡಿನಲ್ಲಿ ಆರು ರನ್ನು ಬರುತ್ತಿತ್ತೇ ಎಂದು ಕೇಳಿದರೆ, ಬರುತ್ತಿರಲಿಲ್ಲ ಎಂದೇ ನಾನೂ ಹೇಳುತ್ತೇನೆ. ನೂರಕ್ಕೆ ಒಂದು ಸಲ ಬಂದೀತು. ಆದರೆ ಆ ಚೆಂಡು ನಮ್ಮದು. ಹುಕ್ಕೇರಿಯ ಕಣದಲ್ಲಿ ಹತ್ತು ವರ್ಷದ ಹುಡುಗಿ ಮಾಡದ ತಪ್ಪನ್ನು ಅಷ್ಟು ದೊಡ್ಡ ಮೈದಾನದಲ್ಲಿ ದೊಡ್ಡವರು ಮಾಡಿದರು. ಅದಕ್ಕೆ ನನ್ನ ಕಾಲು ಹೊಣೆ.

ಅವತ್ತೇ ಅಣ್ಣನಿಗೆ ಕಾರ್ಡು ಬರೆದೆ. "ಕೊನೆಯ ಓವರಿನಲ್ಲಿ ಐದೇ ಚೆಂಡು ಹಾಕಿದರು. ನಾನು ಬೀಜ ಹಿಡಿದು ಎಣಿಸಿದ್ದೇನೆ. ನಂಬು." ಪೋಸ್ಟಿಗೆ ಹಾಕಲು ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ಓದಿ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡರು.

ಮುಂಬೈಯ ಪೇಪರು ರೈಲಿಗೆ ಬಂದು, ಗೋಕಾಕದಿಂದ ಮೋಟಾರಿಗೆ ಬಂದು, ಮೂಡಲಗಿ ಮುಟ್ಟಲು ಎರಡು ಮೂರು ದಿನ ಹಿಡಿಯುತ್ತಿತ್ತು. ಬಂದ ದಿನ ಮಾಸ್ತರರು ಅದನ್ನು ಹಿಡಿದು ಪಡಸಾಲೆಗೆ ಬಂದರು. ಅವರ ಚಪ್ಪಲಿಯ ಸದ್ದು ಎಂದಿನ ಹಾಗೆ ಇರಲಿಲ್ಲ, ನಿಂತು ನಿಂತು ಬಂತು. ನಾನು ಕಿಂಡಿಯ ಕೆಳಗೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

ಮೊದಲು ತಮ್ಮಷ್ಟಕ್ಕೆ ಓದಿಕೊಂಡರು. ಆಮೇಲೆ ಧ್ವನಿ ಇಳಿಸಿ ಮಾವನವರಿಗೆ ಹೇಳಿದರು: "ಅಂಪೈರ ಲೆಕ್ಕಾ ತಪ್ಪ್ಯಾನಂತ್ರಿ. ಓವರದಾಗ ಒಂದ ಚೆಂಡ ಉಳದಿತ್ತಂತ. ವ್ಯಾಳ್ಯಾನೂ ಒಂದ ಮಿನಿಟದ ಮ್ಯಾಲ ಉಳದಿತ್ತಂತ. ಗದ್ದಲದಾಗ ಬೇಲ್ಸ್ ತಗದ ಆಟಾ ಮುಗಿಸಿಬಿಟ್ಟಾನ."

ಜರಡಿ ನಿಲ್ಲಿಸಿದೆ.

ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿಗೆ ಬಂದರು. ಕಿಸೆಯಿಂದ ನನ್ನ ಕಾರ್ಡು ತೆಗೆದರು. ಅಂಚು ಮಡಚಿತ್ತು. "ಇದನ್ನ ಇವತ್ತ ಹಾಕ್ತೇನಿ ತಗೋ," ಎಂದರು. "ಅವತ್ತ ಯಾಕ ಹಾಕ್ಲಿಲ್ಲಂದ್ರ... ಕಾರ್ಡ ನೋಡು, ಪೋಸ್ಟಿನ ಮಂದಿ ಓದ್ತಾರ. ಊರಾಗ ನಗತಾರಂತ ಬಿಟ್ಟೆ."

"ಇವತ್ತ ಹಾಕಿದ್ರ ಇವತ್ತಿನ ತಾರೀಖಿನ ಸಿಕ್ಕಾ ಬೀಳತೈತಿ," ಎಂದೆ. "ಪೇಪರ ಓದಿ ಬರದಾಳ ಅಂತಾರ."

ಅವರಿಗೆ ಅದು ಹೊಳೆದಿರಲಿಲ್ಲ. ಕಾರ್ಡು ಹಿಡಿದು ನಿಂತೇ ಇದ್ದರು. ಅವರ ಕೈಯಿಂದ ತೆಗೆದುಕೊಂಡು ಒಲೆಗೆ ಹಾಕಿದೆ. ನಾನು ಸರಿ ಎಣಿಸಿದ್ದೆ ಎಂಬುದಕ್ಕೆ ಈ ಲೋಕದಲ್ಲಿ ಇದ್ದ ಒಂದೇ ಒಂದು ಕಾಗದ ಅದು, ಅವರ ಕಿಸೆಯಲ್ಲಿ ಕೊಳೆಯಿತು. ಯುಗಾದಿಗೆ ಹುಕ್ಕೇರಿಗೆ ಹೋದಾಗ ಅಣ್ಣನಿಗೆ ಎಲ್ಲ ಹೇಳಿದೆ. ಅವನೂ "ಹೂಂ, ನಾನೂ ಪೇಪರದಾಗ ಓದೇನಿ ಬಿಡವಾ," ಎಂದ. ಅವನನ್ನು ಬೈದು ಏನು ಫಲ?

ಅದು ಆಮೇಲಿನ ಮಾತು. ಪೇಪರ್ ಬಂದ ದಿನ ಪಡಸಾಲೆಯಿಂದ ಮಾವನವರು ಕೆಮ್ಮಿದರು. ಏನೋ ಹೇಳುತ್ತಾರೆ ಎಂದು ನಿಂತೆ. ಬೀಜ ಇನ್ನೂ ನನ್ನ ಸೆರಗಿನ ಗಂಟಿನಲ್ಲಿತ್ತು. ಕೇಳಿದ್ದರೆ ತೋರಿಸುತ್ತಿದ್ದೆ.

"ಯವ್ವಾ," ಎಂದರು, "ಚಾ ಆಗೇತೇನು? ಇನ್ನ ನೀನ ತಗೊಂಡ ಬಾ. ಏನ ಅಡ್ಡಿಯಿಲ್ಲ."

ಏನ ಅಡ್ಡಿಯಿಲ್ಲ. ತಪ್ಪಾಯಿತು ಎಂಬ ಮಾತಿಗೆ ಅವರ ಬಾಯಲ್ಲಿ ಇಷ್ಟೇ ಜಾಗವಿತ್ತು.

ಚಹಾ ಕುದಿಸಿದೆ. ಶುಂಠಿ ಜಜ್ಜಿ ಹಾಕಿದೆ, ಎಂದಿಗಿಂತ ಚೆನ್ನಾಗಿಯೇ ಮಾಡಿದೆ. ಮೂರು ಕಪ್ಪು ಬಸಿ ತಟ್ಟೆಯಲ್ಲಿ ಇಟ್ಟು ಹೊಸ್ತಿಲವರೆಗೆ ಒಯ್ದೆ. ಅಲ್ಲಿ ಇಳಿಸಿದೆ, ಹೊಸ್ತಿಲ ಈಚೆಗೆ. ತಿರುಗಿ ಬಂದು ಜರಡಿ ಹಿಡಿದೆ.

ಮೂವರೂ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರು. ಕಂಬಕ್ಕೆ ಒರಗಿದವರು, ಗೋಡೆಯ ಕಡೆಯವರು, ಬಾಗಿಲ ಕಡೆಯವರು. ಯಾರೂ ಏಳಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುತ್ತಿರುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಅತ್ತೆ ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಅವರು ಎದ್ದು ಒಯ್ಯುತ್ತಾರೆ ಎಂದುಕೊಂಡೆ. ಅವರು ಹುಣಸೆಹಣ್ಣಿನ ರಾಶಿಯನ್ನು ಇನ್ನೂ ಹತ್ತಿರ ಎಳೆದುಕೊಂಡು ಗಟ್ಟಿಯಾಗಿ ಕುಳಿತರು.

ಮೊದಲು ಎದ್ದವರು ಮಾಸ್ತರರು. ಬಂದು ಬಗ್ಗಿ ಒಂದು ಕಪ್ಪು ಎತ್ತಿಕೊಂಡರು, ನನ್ನ ಕಡೆ ನೋಡಲಿಲ್ಲ. ಆಮೇಲೆ ನಮ್ಮ ಮನೆಯವರು. ಕೊನೆಗೆ, ಬಹಳ ಹೊತ್ತಿನ ಮೇಲೆ, ಕಂಬದ ಬಳಿ ಬಲಗಾಲು ಬಿಡಿಸುವ ಸದ್ದಾಯಿತು. ಮಾವನವರ ಚಹಾ ಅಷ್ಟರಲ್ಲಿ ಆರಿತ್ತು. ಅದನ್ನೇ ಕುಡಿದರು. ಬಿಸಿ ಮಾಡಿ ಕೊಡು ಎನ್ನಲಿಲ್ಲ, ನಾನೂ ಮಾಡಿ ಕೊಡುತ್ತೇನೆ ಎನ್ನಲಿಲ್ಲ.

ಆ ಮನೆಯಲ್ಲಿ ನಾನು ಅಡುಗೆ ಮಾಡಿದಷ್ಟು ವರ್ಷವೂ ಗಂಡಸರ ಚಹಾ ಹೊಸ್ತಿಲ ಈಚೆಗೇ ಇಟ್ಟೆ.